ಪ್ರೊಫೆಸರಕಿ

ಬಂಧುಗಳೆಲ್ಲ ಹೋದ ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಮೊದಲು ಬಂದವನು ಪೇಂಟರ್ ದಶರಥ. ನನ್ನ ಗಂಡನನ್ನು ಮಣ್ಣು ಮಾಡಿ ಹದಿನಾಲ್ಕು ದಿನವಾಗಿತ್ತು. ಒಲೆಯ ಮೇಲೆ ಹಾಲು ಕಾಯುತ್ತಿತ್ತು. ದ್ರಾಕ್ಷಿ ತೋಟದ ಕಡೆಯಿಂದ ಔಷಧ ಹೊಡೆಯುವ ಪಂಪಿನ ಸದ್ದು ಬರುತ್ತಿತ್ತು. ಅಂಗಳದಲ್ಲಿ ಅಳುವವರು ಯಾರೂ ಇರಲಿಲ್ಲ.

ದಶರಥನನ್ನು ಕರೆಸಿದವರು ನನ್ನ ಮಾವ ವಿರುಪಾಕ್ಷಪ್ಪ. ಗೇಟಿನ ಬೋರ್ಡು ತಿದ್ದಬೇಕಿತ್ತು. ‘ಪ್ರೊ. ಮುರಗೆಪ್ಪ ವಿ. ಬಿಳ್ಳೂರ, ಎಂ.ಎ.’ ಎಂದು ಅದರಲ್ಲಿತ್ತು.

“ಸಾವ್ಕಾರ್ರ, ಮುಂದ ‘ದಿವಂಗತ’ ಅಂತ ಬರದ್ರ ಜಾಗಾ ಸಾಲೂದಿಲ್ರಿ,” ಎಂದ ದಶರಥ. “‘ದಿ.’ ಅಂತ ಸಣ್ಣದ ಹಾಕ್ಲಿ?”

“ಸಣ್ಣದ್ಯಾಕ? ಸತ್ತಾವ ಏನ್ ಸಣ್ಣಾವ ಇದ್ನೇನು? ಪೂರ್ತಿ ಬರಿ.”

“ಹಂಗಾರ ಒಂದ ಏನರ ತಗೀಬೇಕ್ರಿ. ಮುಂದಿನ ‘ಪ್ರೊ.’, ಇಲ್ಲಾಂದ್ರ ಹಿಂದಿನ ‘ಎಂ.ಎ.’.”

ಮಾವ ಯೋಚಿಸಲಿಲ್ಲ. “ಎಂ.ಎ. ತಗಿ. ಎಂ.ಎ. ಆದಾವ್ರು ಅಥಣಿ ತುಂಬ ಅದಾರ.”

ದಶರಥ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎರಡು ಅಕ್ಷರ ಒರೆಸಿದ. ಆ ಬೋರ್ಡಿನ ಮೇಲೆ ನನ್ನ ಗಂಡ ತಾನೇ ಪಡೆದದ್ದು ಆ ಎರಡು ಅಕ್ಷರ ಮಾತ್ರ. ಅವೂ ಶೇಕಡಾ ನಲವತ್ತೊಂಬತ್ತರ ಅಕ್ಷರಗಳು.

ನಾವಿಬ್ಬರೂ ಧಾರವಾಡದಲ್ಲಿ ಇತಿಹಾಸ ಓದಿದೆವು, ಒಂದೇ ಕ್ಲಾಸು. ನಮ್ಮ ವಿಭಾಗದಲ್ಲಿ ಒಂಬತ್ತು ಜನ ಕಲಿಸುವವರಿದ್ದರು. ಪ್ರೊಫೆಸರ್ ಒಬ್ಬರೇ. ಉಳಿದವರಲ್ಲಿ ಮೂವರು ರೀಡರ್, ಐವರು ಲೆಕ್ಚರರ್. ಇಪ್ಪತ್ತು ವರ್ಷ ಕಲಿಸಿದವರೂ ತಮ್ಮ ಹೆಸರಿನ ಮುಂದೆ ಆ ಶಬ್ದ ಬಂದರೆ ತಿದ್ದುತ್ತಿದ್ದರು. ನಮ್ಮ ಕಡೆ ಹಾಗಿಲ್ಲ. ಕಾಲೇಜಿನ ಕರಿಹಲಗೆಯ ಮುಂದೆ ಒಂದು ದಿನ ನಿಂತವನೂ ಪ್ರೊಫೆಸರನೇ. ಕಾಗವಾಡದ ಗಡಿಯಾಚೆ ಮರಾಠಿ ಲಗ್ನಪತ್ರಿಕೆಯಲ್ಲಿ ಅವನು ‘ಪ್ರಾ.’, ಈಚೆಯ ಕನ್ನಡ ಪತ್ರಿಕೆಯಲ್ಲಿ ‘ಪ್ರೊ.’. ಒಮ್ಮೆ ಅಚ್ಚಾದರೆ ಸಾಯುವ ತನಕ ಹೋಗುವುದಿಲ್ಲ. ಸತ್ತರೂ ಹೋಗುವುದಿಲ್ಲವೆಂದು ಆ ಬೆಳಿಗ್ಗೆ ತಿಳಿಯಿತು.

ಮಾವ ರಸ್ತೆ ಬದಿಯ ಮೂರು ಎಕರೆಯನ್ನು ಶಿಕ್ಷಣ ಸಂಸ್ಥೆಗೆ ಬರೆದುಕೊಟ್ಟಿದ್ದರು. ಅಲ್ಲಿ ಕಾಲೇಜು ಎದ್ದಿತು. ಅದಕ್ಕೆ ಬದಲಾಗಿ ಅಧ್ಯಕ್ಷಗಿರಿ ಕೇಳಲಿಲ್ಲ, ಕಟ್ಟಡಕ್ಕೆ ಹೆಸರೂ ಕೇಳಲಿಲ್ಲ. ಮಗನನ್ನು ಪ್ರೊಫೆಸರ್ ಮಾಡಿ ಎಂದರು. ನನ್ನ ಮದುವೆಯ ಮಾತಿನ ದಿನ ನನ್ನ ತಂದೆಗೆ ಅವರು ಹೇಳಿದ್ದು ನೆನಪಿದೆ. “ಗೌಡಕಿ ಹೋತು, ಕುಲಕರ್ಣಿಕಿ ಹೋತು, ಎಲ್ಲಾ ಸರಕಾರ ತಗೊಂತು. ಪ್ರೊಫೆಸರಕಿ ಯಾರೂ ತಗೊಳ್ಳಾಕ ಬರೂದಿಲ್ಲ. ನಿಮ್ಮ ಮಗಳು ಪ್ರೊಫೆಸರಕಿ ಮನಿಗಿ ಬರಾಕತ್ತಾಳ.”

ನಾನು ಕ್ಲಾಸಿಗೆ ಮೊದಲಿಗಳಾಗಿ ಪಾಸಾದವಳು. ಬಂದು ಮಾಡಿದ್ದೇನೆಂದರೆ, ದಿನಾ ಸಂಜೆ ಆರರಿಂದ ಏಳೂವರೆಯವರೆಗೆ ಗಂಡನಿಗೆ ಮರುದಿನದ ಪಾಠ ಕಲಿಸಿದ್ದು. ಬಹಮನಿಗಳು, ಆದಿಲಶಾಹಿ, ಫ್ರಾನ್ಸಿನ ಕ್ರಾಂತಿ. ನನ್ನ ಕೈಬರಹದ ನೋಟ್ಸು ಹಿಡಿದು ಆತ ಕಾಲೇಜಿಗೆ ಹೋಗುತ್ತಿದ್ದ. ಒಮ್ಮೆ ನಾನೂ ಕಲಿಸಲು ಬರುತ್ತೇನೆಂದೆ. “ಒಂದ ಮನ್ಯಾಗ ಇಬ್ಬರು ಪ್ರೊಫೆಸರ್ರಾದ್ರ ಚಹಾ ಯಾರ ಮಾಡವ್ರು?” ಎಂದು ನಕ್ಕ. ಅದನ್ನು ನಾಲ್ಕು ಜನರ ಮುಂದೆಯೂ ಹೇಳಿದ. ಆರು ವರ್ಷ ಹೀಗೆ ಹೋಯಿತು. ಉಗಾರದಲ್ಲಿ ಯಾವುದೋ ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಹೋಗಿ ಮರಳುವಾಗ, ಕಬ್ಬು ತುಂಬಿದ ಟ್ರಾಲಿಯ ಹಿಂದುಗಡೆಗೆ ಮೋಟರ್ ಸೈಕಲ್ ಬಡಿಯಿತು. ಹಾರ ಇನ್ನೂ ಚೀಲದಲ್ಲಿತ್ತು. ಒಳ್ಳೆಯವನಿದ್ದನೆಂದು ಬಂದವರೆಲ್ಲ ಹೇಳಿದರು.

ದಶರಥ ಇನ್ನೂ ಗೇಟಿನ ಹತ್ತಿರ ಕುಳಿತಿರುವಾಗಲೇ ಜ್ಞಾನದೇವ ಕಾಂಬಳೆ ಬಂದ. ಅವನೂ ನಮ್ಮ ಕ್ಲಾಸಿನವನು. ನನ್ನ ನಂತರ ಎರಡನೆಯವನು. ಈಗ ಶೇಡಬಾಳದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಅವನ ತಂದೆ ಧೂಳಪ್ಪ ನಮ್ಮ ತೋಟದಲ್ಲೇ ದುಡಿಯುವವನು. ವರ್ಷಕ್ಕೆ ಮೂರು ನಾಲ್ಕು ಸಲ ಜ್ಞಾನದೇವ ಬಂದು ನನ್ನ ಗಂಡನೊಡನೆ ಗೇಟಿನ ಹೊರಗೆ ಮಾತಾಡಿ ಹೋಗುತ್ತಿದ್ದ. ಯಾಕೆ ಬಂದಿದ್ದ ಎಂದರೆ, ಯಾವುದೋ ಪುಸ್ತಕ ಕೇಳಲು ಎಂದು ಮುರಗೆಪ್ಪ ಹೇಳುತ್ತಿದ್ದ. ನಾನು ಮತ್ತೆ ಕೇಳುತ್ತಿರಲಿಲ್ಲ.

ಅತ್ತೆ ಶಿವಗಂಗವ್ವ ಅವನನ್ನು ಹಿತ್ತಲಿಗೆ ಕಳಿಸಿದರು. ಹಿತ್ತಲ ಗೋಡೆಯ ಮಾಡದಲ್ಲಿ ಹಿಡಿಕೆ ಮುರಿದ ಒಂದು ಕಪ್ ಯಾವಾಗಲೂ ಬೋರಲು ಬಿದ್ದಿರುತ್ತದೆ. ಅದನ್ನು ಅವನೇ ತೆಗೆದುಕೊಳ್ಳಬೇಕು. ಅತ್ತೆ ಮೇಲಿನಿಂದ ಚಹಾ ಸುರಿಯುತ್ತಾರೆ. ಆ ದಿನ ಅವನು ಕಪ್ ಮುಟ್ಟಲಿಲ್ಲ.

“ಬಾಯಾರ ಜೋಡಿ ಮಾತಾಡೂದೈತಿ,” ಎಂದ.

“ಹದ್ನಾಕ ದಿನಾ ಆಗ್ಯಾವ ನನ್ನ ಮಗಾ ಹೋಗಿ,” ಎಂದರು ಅತ್ತೆ. “ಈಗ ಬಂದಿಯೇನೋ ಇಸಕೊಳ್ಳಾಕ?”

“ಹದ್ನಾಕ ದಿನಾ ಸುಮ್ನಿದ್ದೆ ಯವ್ವಾ. ಅದರ ಮುಂಚೇನೂ ಆರ ವರ್ಷ ಸುಮ್ನಿದ್ದೆ.”

ನಾನು ಹಿತ್ತಲ ಬಾಗಿಲಿಗೆ ಬಂದೆ. ಧಾರವಾಡದಲ್ಲಿ ಅವನು ನನ್ನನ್ನು ಕಸ್ತೂರಿ ಎಂದೇ ಕರೆಯುತ್ತಿದ್ದ. ಈಗ ನೆಲ ನೋಡುತ್ತ ಮಾತಾಡಿದ.

“ನನ್ನ ಎಂ.ಎ. ಸರ್ಟಿಫಿಕೇಟು ಬೇಕಾಗೇತ್ರಿ ಬಾಯಾರ. ಅಸಲು. ಬರೂ ಗುರುವಾರ ಬೆಂಗಳೂರಾಗ ಇಂಟರ್‌ವ್ಯೂ ಐತಿ, ಸರಕಾರಿ ಕಾಲೇಜಿಂದು. ಅಸಲು ತೋರಿಸಲಿಲ್ಲಂದ್ರ ಒಳಗ ಬಿಡೂದಿಲ್ಲ. ಮುಂದಿನ ವರ್ಷ ನನ್ನ ವಯಸ್ಸು ಮೀರತೈತಿ.”

“ನಿಮ್ಮ ಸರ್ಟಿಫಿಕೇಟು ಇಲ್ಲ್ಯಾಕ ಇರತೈತಿ?”

ಅವನು ಮೊದಲ ಸಲ ತಲೆ ಎತ್ತಿದ. “ನಿಮಗ ಗೊತ್ತಿಲ್ಲೇನು?”

“ಇಲ್ಲ.”

“ಕಾಲೇಜಿಗೆ ಯುನಿವರ್ಸಿಟಿ ಕಮಿಟಿ ಬರತೈತಿ, ಒಂದ ದಿನದ ಮಟ್ಟಿಗೆ ಕೊಡು ಅಂದ ಮುರಗೆಪ್ಪ. ಆಮ್ಯಾಲ ಇತಿಹಾಸ ಕಲಿಸೂ ಜಾಗಾ ನಿನಗ ಅಂದ. ಮರುದಿನಾ ಬಂದೆ. ಕಪಾಟಿನ ಕೀಲಿ ಅಪ್ಪನ ಕಡೆ ಐತಿ ಅಂದ. ಆಮ್ಯಾಲ ಸೆಕ್ರೆಟರಿ ಕಡೆ ಐತಿ ಅಂದ. ಕಳೀತು ಅಂತ ಪೊಲೀಸ್ ಸ್ಟೇಷನ್ನಿನ್ಯಾಗ ಬರದಕೊಟ್ರ ಯುನಿವರ್ಸಿಟಿಯವ್ರು ನಕಲು ಕೊಡ್ತಾರ. ಹೋದ್ನಿ. ಎಲ್ಲಿ ಕಳೀತು ಅಂದ್ರು. ಕಳದಿಲ್ರಿ, ಪ್ರೊಫೆಸರ್ ಬಿಳ್ಳೂರವರ ಕಡೆ ಐತಿ ಅಂದ್ನಿ. ಫೌಜದಾರ ನಕ್ಕಬಿಟ್ಟ. ಪ್ರೊಫೆಸರ್ ಕಡೆ ಐತಿ ಅಂದ್ರ ಬ್ಯಾಂಕಿನ್ಯಾಗ ಇದ್ದಂಗ, ಹೋಗ್ ಅಂದ.”

“ಕಳೀತು ಅಂತ ಬರದಕೊಡಬೇಕಿತ್ತು.”

“ನಾ ಸರಕಾರಿ ಮಾಸ್ತರ. ಸುಳ್ಳ ಕಂಪ್ಲೇಂಟ್ ಬರದಕೊಟ್ಟ ಮ್ಯಾಲ, ಇವ್ರ ಕಾಗದಾ ಹೊರಗ ತಗದ್ರ? ಇದ್ದ ನೌಕರೀನೂ ಹೋಗತೈತಿ. ನಮ್ಮಪ್ಪ ನಿಮ್ಮ ತೋಟದಾಗ ಇದ್ದಾನ. ನಾ ಯಾವ ಬಾಯಿಲೆ ಜಗಳಾ ತಗೀಲಿ?”

ಹುಡುಕುತ್ತೇನೆ ಎಂದೆ. ಮುರಗೆಪ್ಪನೂ ಆರು ವರ್ಷ ಅದನ್ನೇ ಹೇಳಿದ್ದ ಎಂದು ಹೇಳಿ ಅವನು ಹೋದ.

ಮಧ್ಯಾಹ್ನ ಸಂಸ್ಥೆಯ ಸೆಕ್ರೆಟರಿ ಭೀಮಗೊಂಡ ಪಾಟೀಲರ ಜೀಪು ಬಂತು. ಅವರು ಪಡಸಾಲೆಯಲ್ಲಿ ಮಾವನ ಪಕ್ಕ ಕುಳಿತರು. ಬಾಗಿಲ ಬಳಿ ನಿಂತ ನನ್ನನ್ನು ಒಳಗೆ ಬರಲು ಅವರೇ ಕರೆದರು.

“ತಂಗೆವ್ವಾ, ದುಃಖದಾಗ ಇದ್ದಿ, ಕೆಲಸದ ಮಾತ ಆಡಬಾರ್ದು. ಆದ್ರ ಬುಧವಾರ ಕಮಿಟಿ ಬರಾಕತ್ತೈತಿ. ಮುರಗೆಪ್ಪನ ಕಡೆ ಒಂದ ಕಾಗದಾ ಇತ್ತು. ಆ ಕಾಂಬಳೆ ಹುಡುಗಂದು. ಅದನ್ನ ಹುಡುಕಿ ಕೊಡಬೇಕ ನೀ.”

“ಆ ಕಾಗದಾ ನಿಮಗ್ಯಾಕ್ರಿ?”

ಅವರು ಮಾವನ ಮುಖ ನೋಡಿದರು. ಮಾವ ತಲೆಯಾಡಿಸಿದರು.

“ಇತಿಹಾಸದ ಜಾಗಾ ಎಸ್‌ಸಿ ಮೀಸಲಾತೀದು,” ಎಂದರು ಭೀಮಗೊಂಡ. “ಐವತ್ತೈದ ಪರ್ಸೆಂಟೂ ಬೇಕು. ಮುರಗೆಪ್ಪನ್ನ ಅದರಾಗ ಹಾಕಾಕ ಬರತಿರಲಿಲ್ಲ. ಅದಕ ಕಾಗದದ ಮ್ಯಾಲ ಕಾಂಬಳೆ, ಕ್ಲಾಸಿನ್ಯಾಗ ಮುರಗೆಪ್ಪ. ಎಲ್ಲಾ ಕಡೆ ನಡೀತೈತಿ ಇದು. ಕಮಿಟಿ ಬಂದಾಗ ಕಾಂಬಳೆ ರಜಾದ ಮ್ಯಾಲ ಇರತಾನ, ಅಸಲು ಸರ್ಟಿಫಿಕೇಟು ಟೇಬಲ್ ಮ್ಯಾಲ ಇರತೈತಿ. ಯಾರಿಗೂ ತ್ರಾಸಿಲ್ಲ.”

“ಕಾಂಬಳೆಯವರಿಗೆ?”

“ಅವಗೇನು, ಮಾಸ್ತರಕಿ ಐತಲ್ಲ.”

ಆಮೇಲೆ ಅವರು ತಂದಿದ್ದ ಮಾತು ಹೊರಗೆ ಬಂತು. ಆ ಕಾಗದ ಕೊಟ್ಟರೆ ಕ್ಲಾಸುಗಳು ನನಗೆ. ನನ್ನ ಪ್ರಥಮ ದರ್ಜೆಯನ್ನು ಊರೇ ಬಲ್ಲದು. ಸೋಮವಾರದಿಂದಲೇ ಬರಬಹುದು. ಜೀಪು ಕಳಿಸುತ್ತಾರೆ.

ಗಂಡ ಸತ್ತು ವರ್ಷ ತುಂಬದೆ ಸೊಸೆ ಹೊಸ್ತಿಲು ದಾಟಬಾರದು ಎಂದು ಮಾವ ಹಿಂದಿನ ದಿನವಷ್ಟೇ ನನ್ನ ತಂದೆಗೆ ಹೇಳಿ ಕಳಿಸಿದ್ದರು. ತವರಿಗೆ ಕರೆದೊಯ್ಯಲು ಬಂದ ತಂದೆ ಬರಿಗೈಯಲ್ಲಿ ಹೋಗಿದ್ದರು. ಈಗ ಮಾವ ಮೀಸೆ ಸವರಿಕೊಂಡು, “ಹೋಗ್ಲಿ. ಪ್ರೊಫೆಸರಕಿ ಮನ್ಯಾಗ ಉಳೀತೈತಿ,” ಎಂದರು.

ಒಳಗಿನಿಂದ ಅತ್ತೆ, “ಹೆಂಗಸಿನ ಕೈಯಾಗ ಹೋಗೂದು ಗೌಡಕಿ ಅಲ್ಲ,” ಎಂದರು.

“ನಿನಗ ತಿಳಿಯೂದಿಲ್ಲ, ಸುಮ್ನಿರು. ಲಗಮಣ್ಣನ ಮಗಾ ದೊಡ್ಡಾವ ಆಗೂ ತನಕ ಈಕಿ ಕಾಯತಾಳ.” ಲಗಮಣ್ಣ ನನ್ನ ಮೈದುನ. ಅವನ ಮಗನಿಗೆ ಆಗ ನಾಲ್ಕು ವರ್ಷ.

ನನಗೆ ಆ ಕೆಲಸ ಬೇಕಿತ್ತು. ಇದನ್ನು ಮುಚ್ಚಿಡುವುದಿಲ್ಲ. ಆ ಮನೆಯಿಂದ ಹೊರಗೆ ಹೋಗುವ ಬೇರೆ ಬಾಗಿಲು ನನಗೆ ಕಾಣುತ್ತಿರಲಿಲ್ಲ. ಭೀಮಗೊಂಡರಿಗೂ ಹುಡುಕುತ್ತೇನೆ ಎಂದೆ.

ಭಾನುವಾರ ಮಧ್ಯಾಹ್ನ ಕಾಗದ ಸಿಕ್ಕಿತು. ಮುರಗೆಪ್ಪನ ಉಕ್ಕಿನ ಕಪಾಟಿನಲ್ಲಿ, ದ್ರಾಕ್ಷಿಗೆ ಔಷಧ ಹೊಡೆಯುವ ದಿನಗಳ ಪಟ್ಟಿಯ ಕೆಳಗೆ ಒಂದು ಫೈಲಿತ್ತು. ಅದರಲ್ಲಿ ವಿಶ್ವವಿದ್ಯಾಲಯದ ಮುದ್ರೆಯಿದ್ದ ದಪ್ಪ ಕಾಗದ, ಜ್ಞಾನದೇವ ಧೂಳಪ್ಪ ಕಾಂಬಳೆ, ದ್ವಿತೀಯ ದರ್ಜೆ. ಫೈಲಿಗೆ ಸೇರಿಸಲು ಎಡಬದಿಗೆ ಎರಡು ತೂತು ಹೊಡೆದಿದ್ದರು. ಜೊತೆಗೆ ಜ್ಞಾನದೇವ ಬರೆದ ಹನ್ನೊಂದು ಪತ್ರ. ಮೊದಲಿನವು ‘ಪ್ರಿಯ ಮುರಗೆಪ್ಪ’ ಎಂದು ಶುರುವಾಗುತ್ತಿದ್ದವು. ಕೊನೆಯವು ‘ಮಾನ್ಯ ಪ್ರೊಫೆಸರರಿಗೆ’ ಎಂದು. ಮುರಗೆಪ್ಪ ಒಂದನ್ನೂ ಹರಿದಿರಲಿಲ್ಲ, ಒಂದಕ್ಕೂ ಉತ್ತರಿಸಿರಲಿಲ್ಲ.

ಸರ್ಟಿಫಿಕೇಟನ್ನು ನನ್ನ ಸೀರೆಗಳ ನಡುವೆ ಇಟ್ಟೆ. ಸಿಕ್ಕಿತೆಂದು ಯಾರಿಗೂ ಹೇಳಲಿಲ್ಲ.

ಸೋಮವಾರ ಜೀಪು ಬಂತು. ಬಿ.ಎ. ಎರಡನೇ ವರ್ಷದ ಕ್ಲಾಸು, ನಲವತ್ತು ಮಕ್ಕಳು. ಎದ್ದು ನಿಂತರು. ಕುಳಿತುಕೊಳ್ಳಿ ಎಂದೆ. ಮುರಗೆಪ್ಪ ಬಿಟ್ಟ ಪಾಠ ಎಲ್ಲಿಗೆ ಬಂದಿತ್ತೆಂದು ನನಗೆ ಗೊತ್ತಿತ್ತು. ವಿಜಾಪುರದ ನೀರಿನ ಸುರಂಗಗಳು. ನೋಟ್ಸು ನೋಡದೆ ಒಂದು ಗಂಟೆ ಕಲಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್ ಇದನ್ನ ಓದಿ ಹೇಳತಿದ್ರಿ, ನೀವು ಬಾಯಿಲೇ ಹೇಳಿದ್ರಿ,” ಎಂದಳು. ಕೈಗೆ ಸೀಮೆಸುಣ್ಣ ಹತ್ತಿತ್ತು. ಮುರಗೆಪ್ಪ ಸತ್ತ ಮೇಲೆ ಮೊದಲ ಸಲ ನನಗೆ ಹಸಿವಾಯಿತು.

ಆಫೀಸಿನಲ್ಲಿ ಕ್ಲಾರ್ಕ್ ವಿಠೋಬಾ ಹಾಜರಿ ಪುಸ್ತಕ ಮುಂದಿಟ್ಟ. “ನಮಸ್ಕಾರ್ರಿ ಪ್ರೊಫೆಸರ್ ಬಾಯಾರ. ಸಹಿ ಹೊಡ್ರಿ.”

ಅದರಲ್ಲಿ ನನ್ನ ಗಂಡನ ಹೆಸರು ಎಲ್ಲಿಯೂ ಇರಲಿಲ್ಲ. ತಾಲೂಕಿನ ಎಲ್ಲ ವೇದಿಕೆಗಳಲ್ಲಿ ಶಾಲು ಹೊದೆಸಿಕೊಂಡ ಪ್ರೊಫೆಸರ್ ಅಲ್ಲಿ ಜವಾನನಾಗಿಯೂ ಇರಲಿಲ್ಲ. ಏಳನೆಯ ಸಾಲಿನಲ್ಲಿ ‘ಜೆ. ಡಿ. ಕಾಂಬಳೆ’. ಅದರ ಮುಂದಿನ ಮನೆಗಳಲ್ಲಿ ಮುರಗೆಪ್ಪನ ಕೈಯ ಸಹಿ. ಆತ ಸತ್ತ ದಿನದವರೆಗೂ ಇತ್ತು. ಆಮೇಲಿನ ಮನೆಗಳು ಖಾಲಿ.

“ಎಲ್ಲಾ ತುಂಬಿಬಿಡ್ರಿ,” ಎಂದ ವಿಠೋಬಾ. “ಆತ ಸತ್ತಾನ ಅಂತ ಈ ಪುಸ್ತಕಕ್ಕ ಗೊತ್ತಿಲ್ಲ.”

“ಇದು ಕಾಂಬಳೆಯವರ ಹೆಸರು.”

“ಹೆಸರ ಯಾರದರ ಇರ್ಲಿ ಬಾಯಾರ. ಕಲಿಸಾವ್ರು ನೀವ ಅಲ್ಲೇನು? ಒಂದ ಸಲಾ ಕೈ ಕುಂತ್ರ ಮುಗೀತು. ಸಾಹೇಬ್ರು ಮೊದಲನೇ ವರ್ಷ ಒದ್ದಾಡಿದ್ರು, ಆಮ್ಯಾಲ ಮಾತಾಡಕೋತ ಹೊಡೀತಿದ್ರು.”

ನಾನು ಪೆನ್ನು ತೆಗೆದುಕೊಂಡೆ. ಮೊದಲ ಖಾಲಿ ಮನೆ ನಾವು ಮುರಗೆಪ್ಪನನ್ನು ಮಣ್ಣು ಮಾಡಿದ ದಿನದ್ದು. ಆ ದಿನ ಕಾಂಬಳೆ ಹಾಜರಿದ್ದನೆಂದು ಬರೆದೆ. ಮೂರನೆಯ ಮನೆಗೆ ಹಿಂದಿನ ಸಹಿ ನೋಡುವುದು ಬಿಟ್ಟೆ. ಎಂಟನೆಯ ಸಹಿ ಹೊತ್ತಿಗೆ ಅದು ಮುರಗೆಪ್ಪನ ಸಹಿಗಿಂತ ಚೆನ್ನಾಗಿ ಬಂತು. ವಿಠೋಬಾ ಪುಸ್ತಕ ತಿರುಗಿಸಿಕೊಂಡು ನೋಡಿ, “ವಾ, ಓದಿದವ್ರ ಕೈನ ಬ್ಯಾರೆ,” ಎಂದ.

ಜೀಪಿನಲ್ಲಿ ಮರಳುವಾಗ ಇಬ್ಬರು ಕೈಮುಗಿದರು. ನಾನು ತಲೆ ಬಾಗಿಸಿದೆ. ಮುರಗೆಪ್ಪ ಬಾಗಿಸುತ್ತಿದ್ದ ಹಾಗೆಯೇ.

ಸಂಜೆ ಭೀಮಗೊಂಡರು ಬಂದರು. “ಸಿಕ್ತೇನ ತಂಗೆವ್ವಾ?”

“ಹುಡುಕಾಕತ್ತೀನ್ರಿ.”

“ನಾಳೆ ಸಂಜಿ ಒಳಗ ಬೇಕ ನೋಡು.”

ಅವರು ಹೋದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಬೆರಳಿಗೆ ಮಸಿ ಹತ್ತಿತ್ತು. ಇನ್ನು ಆರು ವರ್ಷ ಕಳೆದರೆ ನಾನೂ ಮಾತಾಡುತ್ತಲೇ ಸಹಿ ಹೊಡೆಯುತ್ತೇನೆ ಎಂದು ಅನಿಸಿತು. ಜ್ಞಾನದೇವನ ಹನ್ನೆರಡನೆಯ ಪತ್ರ ನನ್ನ ಹೆಸರಿಗೆ ಬರುತ್ತದೆ. ಅದನ್ನೂ ಹರಿಯದೆ ಇಡುತ್ತೇನೆ. ದುಃಖವಾಗಲಿಲ್ಲ. ಅಸಹ್ಯವಾಯಿತು, ಅಷ್ಟೆ.

ಮಂಗಳವಾರ ಬೆಳಿಗ್ಗೆ ಸರ್ಟಿಫಿಕೇಟನ್ನು ಒಂದು ಹಳೆಯ ಅಟ್ಲಾಸಿನೊಳಗಿಟ್ಟು ಚೀಲಕ್ಕೆ ಹಾಕಿಕೊಂಡೆ. ಮಾವ ಪಡಸಾಲೆಯಲ್ಲಿದ್ದರು.

“ಜೀಪು ಇನ್ನೂ ಬಂದಿಲ್ಲಲ್ಲ. ಎಲ್ಲಿಗಿ?”

“ಶೇಡಬಾಳಕ್ಕ. ಕಾಂಬಳೆಯವರ ಕಾಗದಾ ಕೊಟ್ಟ ಬರ್ತೀನ್ರಿ ಮಾವಾರ.”

ಅವರು ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. “ಸಿಕ್ಕೈತಿ ಅಂದಂಗಾತು. ಇಲ್ಲಿ ತಾ.”

“ಇದು ನಮ್ಮದಲ್ಲ.”

“ನನ್ನ ಮೂರ ಎಕರೇದು ಅದು. ಕೊಟ್ಟ ಬಂದ್ರ ನಾಳೆ ಆ ಜಾಗಾ ಹೋಗತೈತಿ. ನಿನ್ನ ಕ್ಲಾಸೂ ಹೋಗತೈತಿ. ನನ್ನ ಮಗನ ಹೆಸರ ಏನಾಗಬೇಕು?”

“ನಿಮ್ಮ ಮಗನ ಹೆಸರ ಆ ಕಾಲೇಜಿನ್ಯಾಗ ಇಲ್ಲರಿ. ನಾ ಪುಸ್ತಕಾ ನೋಡೀನಿ.”

ಅವರು ಕೈ ಎತ್ತಿದರು. ಹೊಡೆಯಲಿಲ್ಲ. ಒಳಗಿನಿಂದ ಅತ್ತೆ, “ಬಿಡ್ರಿ, ಹೋಗ್ಲಿ. ತಿರುಗಿ ಬಂದ್ರ ಇಲ್ಲೇ ಬರಬೇಕಲ್ಲ,” ಎಂದರು. ಅದು ನಿಜವಾಗಿತ್ತು. ನಾನು ಚಪ್ಪಲಿ ಮೆಟ್ಟಿದೆ.

ಮಿರಜದ ಬಸ್ಸು ತುಂಬಿತ್ತು. ಕಾಗವಾಡದಲ್ಲಿ ಇಳಿದು ಟೆಂಪೊ ಹಿಡಿದೆ. ಶೇಡಬಾಳದ ಶಾಲೆಯಲ್ಲಿ ಮೂರನೇ ತರಗತಿಯ ಮಕ್ಕಳು ಮಗ್ಗಿ ಒದರುತ್ತಿದ್ದರು. ಜ್ಞಾನದೇವ ಕಿಟಕಿಯಿಂದ ನನ್ನನ್ನು ನೋಡಿ ಹೊರಗೆ ಬಂದ. ಬನ್ನಿ ಎನ್ನಲಿಲ್ಲ. ನಾನು ಅಟ್ಲಾಸ್ ತೆರೆದು ಕಾಗದ ಕೊಟ್ಟೆ.

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಮುಂದೆ ನೋಡಿದ, ಹಿಂದೆ ನೋಡಿದ, ಬೆಳಕಿಗೆ ಹಿಡಿದ. ತೂತುಗಳ ಮೇಲೆ ಬೆರಳಾಡಿಸಿದ.

“ತೂತ ಹೊಡದಾರ.”

“ಹೌದು.”

“ಒಂದ ದಿನಕ್ಕ ಅಂದಿದ್ದ.”

ಮಕ್ಕಳು ಹನ್ನೊಂದರ ಮಗ್ಗಿಯಲ್ಲಿ ತಪ್ಪಿದರು. ಅವನು ತಿರುಗದೆಯೇ, “ಹನ್ನೊಂದೊಂಬತ್ಲೆ ಎಷ್ಟಲೇ?” ಎಂದು ಕೂಗಿ ತಿದ್ದಿದ.

“ನಿನ್ನೆ ಕಾಲೇಜಿನ್ಯಾಗ ನಿಮ್ಮ ಹೆಸರಿಲೆ ಸಹಿ ಮಾಡೀನಿ,” ಎಂದೆ. “ಹದಿನೈದ ದಿನದ್ದು.”

“ನೀವೂ?”

“ನಾನೂ.”

ಅವನು ನನ್ನ ಮುಖ ನೋಡಿದ. “ಕ್ಲಾಸಿನ್ಯಾಗ ನೀವು ಮೊದಲಿಗ್ರು,” ಎಂದ. “ನಿಮ್ಮ ಬಗ್ಗೆ ಧಾರವಾಡದಾಗ ನಾವು ಏನ್ ಮಾತಾಡತಿದ್ವಿ, ಈಗ ಹೇಳಿ ಏನ್ ಮಾಡೂದೈತಿ.”

“ಬೇಕಿದ್ರ ಬರದ ಕೊಡತೀನಿ. ಸಹಿ ಮಾಡೀನಿ ಅಂತ. ಆರ ವರ್ಷ ಯಾರ ಮಾಡಿದ್ರು ಅಂತ.”

“ಬರದ ಕೊಟ್ರ ನಿಮ್ಮ ಮಾವ ನಮ್ಮಪ್ಪನ್ನ ತೋಟದಾಗ ಇಟ್ಕೊಂಡಾನೇನು?”

ಇಟ್ಟುಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಮುಟ್ಟೇತಿ ಅಂತ ನಾನೂ ಬರದ ಕೊಡಬೇಕೇನು ನಿಮಗ?” ಎಂದು ಕೇಳಿದ.

“ಬ್ಯಾಡ.”

“ಛಲೋ ಆತು. ಅವತ್ತ ನಾನೂ ಬರಿಸಿಕೊಂಡಿರಲಿಲ್ಲ.”

ಅವನು ಶರ್ಟಿನ ಮೇಲಿನ ಎರಡು ಗುಂಡಿ ಬಿಚ್ಚಿ, ಕಾಗದವನ್ನು ಮಡಚದೆ ಬನಿಯನ್ನಿನ ಮೇಲೆ ಒತ್ತಿ ಇಟ್ಟುಕೊಂಡು, ಗುಂಡಿ ಹಾಕಿಕೊಂಡ. ಆಮೇಲೆ ಮಕ್ಕಳ ಕಡೆ ಹೋದ.